ವಜ್ರ ಕೊಳ್ಳುವ ಮುನ್ನ: ಹರಳಿನ ಗುಣಮಟ್ಟವನ್ನು ಯಾವ ಕ್ರಮದಲ್ಲಿ ನೋಡಬೇಕು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದ ಓದುಗರು ವಜ್ರದ ಬಗ್ಗೆ ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಖರೀದಿ ಮುಗಿದ ಮೇಲೆ ಹುಟ್ಟಿದವು. ಅಂಗಡಿಯ ದೀಪದಡಿ ಝಗಮಗಿಸಿದ ಹರಳು ಮನೆಯಲ್ಲಿ ಮಂಕಾಗಿ ಕಾಣುವುದೇಕೆ, ಒಂದೇ ತೂಕದ ಎರಡು ಉಂಗುರಗಳ ಬೆಲೆಯಲ್ಲಿ ಅಷ್ಟೊಂದು ಅಂತರವೇಕೆ, ಮರಳಿ ಕೊಡಲು ಹೋದಾಗ ತಾವು ಕೊಟ್ಟ ಹಣಕ್ಕಿಂತ ಸರಾಫರು ಬಹಳ ಕಡಿಮೆ ಹೇಳಿದ್ದೇಕೆ ಎಂದು ಕೇಳುತ್ತಾರೆ. ಬಹುಮಟ್ಟಿಗೆ ಇವೆಲ್ಲದರ ಹಿಂದೆ ಒಂದೇ ಕಾರಣವಿರುತ್ತದೆ: ಬಂಗಾರ ಕೊಳ್ಳುವ ರೂಢಿಯಲ್ಲಿಯೇ ವಜ್ರವನ್ನೂ ಕೊಂಡಿರುತ್ತಾರೆ. ಬಂಗಾರಕ್ಕೆ ದಿನದ ದರವಿದೆ. ತೂಕ ಮತ್ತು ಶುದ್ಧತೆ ತಿಳಿದರೆ ಬೆಲೆ ತಿಳಿದಂತೆಯೇ, ಎರಡು ತೊಲೆಯ ಬೆಲೆ ಒಂದು ತೊಲೆಯ ಎರಡು ಪಟ್ಟು. ವಜ್ರದಲ್ಲಿ ತೂಕ ಎರಡು ಪಟ್ಟಾದರೆ ಬೆಲೆ ಎರಡು ಪಟ್ಟಿಗಿಂತ ಬಹಳ ಮೇಲೇರುತ್ತದೆ, ಮತ್ತು ಒಂದೇ ತೂಕದ ಎರಡು ಹರಳುಗಳ ನಡುವೆ ಕಟ್, ಬಣ್ಣ, ಶುಭ್ರತೆಗಳಿಂದಾಗಿ ಬೆಲೆ ಹಲವು ಪಟ್ಟು ಬದಲಾಗಬಹುದು.

ಎರಡನೆಯ ತೊಂದರೆ ಕ್ರಮದ್ದು. ಎಷ್ಟು ಕ್ಯಾರೆಟ್, ಮಜೂರಿಯಲ್ಲಿ ಎಷ್ಟು ಸೋಡಿ (ರಿಯಾಯಿತಿ) ಎಂಬ ಪ್ರಶ್ನೆಗಳಿಂದ ಆರಂಭಿಸಿದವರು ಮುಖ್ಯ ಪ್ರಶ್ನೆಗಳಿಗೆ ತಲುಪುವಷ್ಟರಲ್ಲಿ ಬಿಲ್ಲು ಆಗಿರುತ್ತದೆ. ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲಿಯೇ ಅನುಸರಿಸಬೇಕು. ಒಂದು ಹಂತದಲ್ಲಿ ಸರಿಯಾದ ಉತ್ತರ ಸಿಗದಿದ್ದರೆ ಮುಂದಿನದಕ್ಕೆ ಹೋಗಬಾರದು.

## ಮೊದಲು ಸಿದ್ಧಪಡಿಸಿಕೊಳ್ಳಬೇಕಾದವು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಒಂದು ನಿಮ್ಮದೇ ಇರಲಿ. ವಜ್ರದ ಶುಭ್ರತೆಯ, ಅಂದರೆ ಒಳಗೆ ಚುಕ್ಕೆ, ಸೀಳುಗಳು ಎಷ್ಟು ಕಡಿಮೆ ಎಂಬುದರ, ದರ್ಜೆಯನ್ನು ಪ್ರಯೋಗಾಲಯಗಳು ಈ ಹತ್ತು ಪಟ್ಟಿನ ಅಳತೆಯಲ್ಲಿಯೇ ನಿರ್ಧರಿಸುವುದರಿಂದ ಸಾಮಾನ್ಯ ಭೂತಗನ್ನಡಿ ಸಾಲದು. ಹೆಚ್ಚು ಪಟ್ಟು ಎಂದು ಬರೆದು ಮಾರುವ ಅಗ್ಗದ ಲೂಪುಗಳಲ್ಲಿ ನೋಟದ ವಿಸ್ತಾರ ಕಿರಿದಾಗಿ ಹರಳನ್ನು ಗುರಿಗೆ ತರುವುದೇ ಕಷ್ಟವಾಗುತ್ತದೆ. ಲೂಪನ್ನು ಕಣ್ಣಿಗೆ ಬಹುತೇಕ ತಾಗಿಸಿ ಹಿಡಿದು, ಮೊಣಕೈಗಳನ್ನು ಮೇಜಿನ ಮೇಲೆ ಊರಿ, ಹರಳನ್ನು ಸುಮಾರು ಒಂದು ಇಂಚಿನ ಅಂತರಕ್ಕೆ ತರಬೇಕು. ಮನೆಯಲ್ಲಿರುವ ಹಳೆಯ ಮೂಗುಬಟ್ಟಿನ ಮೇಲೆ ಇದನ್ನು ಮೊದಲೇ ರೂಢಿಸಿಕೊಂಡರೆ ಅಂಗಡಿಯಲ್ಲಿ ಕೈ ನಡುಗುವುದಿಲ್ಲ.

ಇದರ ಜೊತೆಗೆ ಹೊಳಪಿಲ್ಲದ ಅಚ್ಚ ಬಿಳಿ ಕಾಗದ, ಇಂಟರ್‌ನೆಟ್ ಇರುವ ಮೊಬೈಲ್, ಬರೆದುಕೊಳ್ಳಲು ಪುಸ್ತಕ ಇವಿಷ್ಟು ಬೇಕು. ಚಿಮುಟ, ಸೂಕ್ಷ್ಮ ತಕ್ಕಡಿ ಮತ್ತು ಮಿಲಿಮೀಟರ್ ಅಳೆಯುವ ಗೇಜ್ ವಜ್ರ ಮಾರುವ ಅಂಗಡಿಯಲ್ಲಿ ಇರಲೇಬೇಕು. ಇಲ್ಲವೆಂದರೆ ಅದು ಮೊದಲ ಎಚ್ಚರಿಕೆ.

ದಿನದ ಆಯ್ಕೆಯೂ ಸಿದ್ಧತೆಯ ಭಾಗವೇ. ಲಗ್ನದ ಜವಳಿ ತೆಗೆಯುವ ದಿನ, ಹತ್ತು ಹನ್ನೆರಡು ಜನ ಬೀಗರ ಸಮೇತ ಅಂಗಡಿಗೆ ಹೋಗಿ, ಸೀರೆಯ ಕೆಲಸ ಮುಗಿಸಿ ಸಂಜೆ ಹೊತ್ತಿಗೆ ವಜ್ರದ ಉಂಗುರವನ್ನೂ ಆರಿಸುವುದು ನಮ್ಮ ಕಡೆಯ ಅತ್ಯಂತ ದುಬಾರಿ ಪದ್ಧತಿ. ಬೀಗರೆದುರು ಯಾರೂ ಚೌಕಾಶಿ ಮಾಡಲಾರರು, ಲೂಪ್ ಹಿಡಿಯುವುದಂತೂ ದೂರ. ಇಬ್ಬರೇ ಹೋಗಿ, ಬೆಳಿಗ್ಗೆ ಅಂಗಡಿ ತೆರೆದ ಸ್ವಲ್ಪ ಹೊತ್ತಿಗೆ ಹೋಗಿ. ಅಂಗಡಿಯ ಬಿಳಿ ಸ್ಪಾಟ್‌ಲೈಟುಗಳ ಕೆಳಗೆ ಯಾವ ಹರಳೂ ಹೊಳೆಯುತ್ತದೆ. ವಿಜಯಪುರ, ಬಾಗಲಕೋಟೆಯ ನೇರ ಬಿಸಿಲಿನಲ್ಲಿಯೂ ಕಿಡಿ ಮಾತ್ರ ಕಂಡು ಹರಳಿನ ಮೈಬಣ್ಣ ಕಾಣುವುದಿಲ್ಲ. ಬಾಗಿಲ ಬಳಿಯ ನೆರಳಿನ ಹಗಲು ಬೆಳಕೇ ಸರಿಯಾದದ್ದು. ಬೆಳಗಾವಿಯ ಗಣಪತ ಗಲ್ಲಿ, ಶಹಾಪುರದಂತಹ ಇಕ್ಕಟ್ಟಾದ ಪೇಟೆಗಳಲ್ಲಿ ಅಂತಹ ಬೆಳಕು ಸಹಜವಾಗಿಯೇ ಸಿಗುತ್ತದೆ.

## ಹಂತ 1: ಒಡವೆ ಯಾವುದು, ಹಣ ಎಷ್ಟು

ಇದನ್ನು ಮನೆಯಲ್ಲಿಯೇ ತೀರ್ಮಾನಿಸಿ ಬರೆದುಕೊಳ್ಳಬೇಕು, ಏಕೆಂದರೆ ಮುಂದಿನ ಎಲ್ಲ ದರ್ಜೆಗಳೂ ಇದನ್ನು ಅವಲಂಬಿಸಿವೆ. ಮೂಗುಬಟ್ಟಿನ ಹರಳು ಚಿಕ್ಕದು, ಅದನ್ನು ನೋಡುವವರು ಒಂದು ಮಾರು ದೂರದಲ್ಲಿರುತ್ತಾರೆ. ಅಲ್ಲಿ ಅತ್ಯುನ್ನತ ಶುಭ್ರತೆಗೆ ಹಣ ಸುರಿಯುವುದು ವ್ಯರ್ಥ. ಉಂಗುರ ದಿನವೂ ಕಣ್ಣಿಗೆ ಹತ್ತಿರವಿರುತ್ತದೆ, ಪಾತ್ರೆ ಬಾಗಿಲುಗಳಿಗೆ ತಾಗುತ್ತದೆ. ಅಲ್ಲಿ ಕಟ್ ಮತ್ತು ಗಟ್ಟಿತನ ಎರಡೂ ಮುಖ್ಯ. ಏಳು ಹರಳಿನ ಓಲೆಯಲ್ಲಿ ಪ್ರತಿಯೊಂದು ಹರಳಿನ ದರ್ಜೆಗಿಂತ ಏಳೂ ಒಂದೇ ಬಣ್ಣದವಾಗಿರುವುದು ಮುಖ್ಯ.

ಇಲ್ಲಿಯೇ ಒಂದು ಲೆಕ್ಕ ಸ್ಪಷ್ಟವಾಗಿರಲಿ. ಅರ್ಧ ಕ್ಯಾರೆಟ್ ತೂಗುವ ಒಂಟಿ ಹರಳು ಬೇರೆ, ಏಳು ಸಣ್ಣ ಹರಳು ಸೇರಿ ಅರ್ಧ ಕ್ಯಾರೆಟ್ ಆಗುವುದು ಬೇರೆ. ಮೊದಲನೆಯದರ ಬೆಲೆ ಎರಡನೆಯದಕ್ಕಿಂತ ಬಹಳ ಹೆಚ್ಚು. ಬಿಲ್ಲಿನಲ್ಲಿ ಒಟ್ಟು ತೂಕ ಮಾತ್ರ ಬರೆದರೆ ಎರಡೂ ಒಂದೇ ಆಗಿ ಕಾಣುತ್ತವೆ.

## ಹಂತ 2: ಹರಳು ಯಾವ ಜಾತಿಯದು

ಗುಣಮಟ್ಟದ ಮಾತು ಎತ್ತುವ ಮೊದಲು ಎದುರಿಗಿರುವುದು ಏನೆಂದು ಖಚಿತವಾಗಬೇಕು. ಇಂದು ಪೇಟೆಯಲ್ಲಿ ಮೂರು ಬಗೆಯವು ಸಿಗುತ್ತವೆ: ಗಣಿಯಿಂದ ಬಂದ ನೈಸರ್ಗಿಕ ವಜ್ರ, ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ, ಮತ್ತು ವಜ್ರವೇ ಅಲ್ಲದ, ವಜ್ರದಂತೆ ಕಾಣುವ ಹರಳುಗಳು.

ಮೂರನೆಯ ಬಗೆಯಲ್ಲಿ ಎರಡು ಹೆಸರು ನೆನಪಿಡಬೇಕು. ಅಮೆರಿಕನ್ ಡೈಮಂಡ್ ಎಂದು ಎಲ್ಲರಿಗೂ ಪರಿಚಿತವಾದದ್ದು ಕ್ಯೂಬಿಕ್ ಜಿರ್ಕೋನಿಯಾ. ಅದು ಅದೇ ಗಾತ್ರದ ವಜ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಭಾರ, ಬಿಡಿ ಹರಳಾಗಿದ್ದರೆ ತಕ್ಕಡಿಯೇ ಹೇಳಿಬಿಡುತ್ತದೆ. ಹೆಚ್ಚು ಮೋಸಗೊಳಿಸುವುದು ಮೊಯ್ಸನೈಟ್. ಅದರ ಕಿಡಿ ವಜ್ರಕ್ಕಿಂತಲೂ ಬಣ್ಣಬಣ್ಣವಾಗಿರುತ್ತದೆ. ಲೂಪಿನಲ್ಲಿ ಸ್ವಲ್ಪ ಓರೆಯಾಗಿ ಒಳಗೆ ನೋಡಿದರೆ ಹಿಂಭಾಗದ ಮುಖಗಳ ಅಂಚುಗಳು ಜೋಡಿ ಜೋಡಿ ಗೆರೆಗಳಾಗಿ ಕಾಣುತ್ತವೆ. ವಜ್ರದಲ್ಲಿ ಆ ಗೆರೆಗಳು ಒಂಟಿಯಾಗಿಯೇ ಇರುತ್ತವೆ.

ಅಂಗಡಿಯಲ್ಲಿ ಪೆನ್ನಿನಂತಹ ಟೆಸ್ಟರ್ ತಾಗಿಸಿ 'ಬೀಪ್' ಎನಿಸಿ, ನೋಡಿ ಅಸಲಿ ಎಂದು ತೋರಿಸುವುದುಂಟು. ಆ ಪೆನ್ನು ಅಳೆಯುವುದು ಹರಳು ಶಾಖವನ್ನು ಎಷ್ಟು ಬೇಗ ಸಾಗಿಸುತ್ತದೆ ಎಂಬುದನ್ನು. ಪ್ರಯೋಗಾಲಯದ ವಜ್ರವೂ ಶಾಖವನ್ನು ಗಣಿಯದರಂತೆಯೇ ಸಾಗಿಸುತ್ತದೆ, ಸಾದಾ ಟೆಸ್ಟರಿನಲ್ಲಿ ಮೊಯ್ಸನೈಟ್ ಕೂಡ ಬೀಪ್ ಎನ್ನುತ್ತದೆ. ಹಾಗಾಗಿ ಆ ಸದ್ದಿನಿಂದ ಗಾಜು ಮತ್ತು ಜಿರ್ಕೋನಿಯಾ ಅಲ್ಲ ಎಂಬುದಷ್ಟೇ ಸಿದ್ಧವಾಗುತ್ತದೆ. ಬಾಯಿಯ ಆವಿ ಊದುವುದು, ನೀರಿನಲ್ಲಿ ಮುಳುಗಿಸುವುದು, ಗಾಜಿನ ಮೇಲೆ ಗೀರುವುದು ಇವೂ ಅಷ್ಟಕ್ಕಷ್ಟೇ. ಸುತ್ತಿಗೆಯ ಪರೀಕ್ಷೆಯನ್ನಂತೂ ಯಾರೂ ಮಾಡಬಾರದು: ವಜ್ರವನ್ನು ಗೀರುವುದು ಕಷ್ಟ, ಆದರೆ ಅದಕ್ಕೆ ಸೀಳುವ ದಿಕ್ಕುಗಳಿವೆ, ಪೆಟ್ಟು ಅಲ್ಲಿ ಬಿದ್ದರೆ ಅಸಲಿ ವಜ್ರವೂ ಒಡೆಯುತ್ತದೆ.

ಪ್ರಯೋಗಾಲಯದ ವಜ್ರವನ್ನು ಎಚ್‌ಪಿಎಚ್‌ಟಿ (ಅಧಿಕ ಒತ್ತಡ ಮತ್ತು ಶಾಖದಲ್ಲಿ) ಅಥವಾ ಸಿವಿಡಿ (ಅನಿಲದಿಂದ ಪದರ ಪದರವಾಗಿ) ಎಂಬ ವಿಧಾನದಲ್ಲಿ ಬೆಳೆಸುತ್ತಾರೆ. ಅದೂ ಅಪ್ಪಟ ಇಂಗಾಲವೇ, ಗಡಸುತನವೂ ಹೊಳಪೂ ಅಷ್ಟೇ. ಲೂಪಿನಿಂದ ಅದನ್ನು ನೈಸರ್ಗಿಕದಿಂದ ಬೇರ್ಪಡಿಸಲು ಸರಾಫರಿಗೂ ಆಗದು, ಅದಕ್ಕೆ ಪ್ರಯೋಗಾಲಯದ ಉಪಕರಣ ಬೇಕು. ಅದನ್ನು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಧರಿಸಿ ಸಂತೋಷಪಡುವುದಷ್ಟೇ ಉದ್ದೇಶವಾದರೆ ಅದೇ ಹಣಕ್ಕೆ ಬಹಳ ದೊಡ್ಡ ಹರಳು ಸಿಗುತ್ತದೆ. ಆದರೆ ಅದರ ಬೆಲೆ ಇತ್ತೀಚಿನ ವರ್ಷಗಳಲ್ಲಿ ತೀವ್ರವಾಗಿ ಇಳಿದಿದೆ, ಮರುಮಾರಾಟದಲ್ಲಿ ಹೆಚ್ಚೇನೂ ಬಾರದು. ನೈಸರ್ಗಿಕದ ಬೆಲೆ ಕೊಟ್ಟು ಅದನ್ನು ತರುವುದು ಮಾತ್ರ ನಷ್ಟ. ಆದ್ದರಿಂದ ಅಂಗಡಿಯಲ್ಲಿ ಕೂತ ಕೂಡಲೇ ಸಂಕೋಚವಿಲ್ಲದೆ ಕೇಳಬೇಕು: "ಶೇಟಜಿ, ಇದು ಗಣೀದೋ ಲ್ಯಾಬಿಂದೋ, ಬಿಲ್ಲಿನ್ಯಾಗ ಬರದು ಕೊಡ್ರಿ." ಈ ಮಾತಿಗೆ 'ಅಸಲಿ ವಜ್ರ ಐತ್ರಿ' ಎಂದಷ್ಟೇ ಉತ್ತರ ಬಂದರೆ ಅದು ಉತ್ತರವಲ್ಲ, ಏಕೆಂದರೆ ಎರಡೂ ಅಸಲಿಯೇ.

## ಹಂತ 3: ಕಟ್

ಕಟ್, ತೂಕ, ಬಣ್ಣ, ಶುಭ್ರತೆ ಎಂಬ ನಾಲ್ಕು ಗುಣಗಳಲ್ಲಿ ಕೊಳ್ಳುವವರು ಕಡಿಮೆ ಕೇಳುವುದೂ, ಹರಳಿನ ಅಂದಕ್ಕೆ ಹೆಚ್ಚು ಕಾರಣವಾಗುವುದೂ ಕಟ್. ಕಟ್ ಎಂದರೆ ದುಂಡು, ಚೌಕ ಎಂಬ ಆಕಾರವಲ್ಲ. ಮೇಲಿನಿಂದ ಒಳಹೊಕ್ಕ ಬೆಳಕು ತಳದ ಮುಖಗಳಿಗೆ ಬಡಿದು ಮತ್ತೆ ಮೇಲಕ್ಕೇ ಬರುವಂತೆ ಕೋನಗಳನ್ನು ಎಷ್ಟು ಸರಿಯಾಗಿ ಕೂಡಿಸಿದ್ದಾರೆ ಎಂಬುದು. ಬಣ್ಣ ಮತ್ತು ಶುಭ್ರತೆ ಕಲ್ಲಿನೊಂದಿಗೆ ಹುಟ್ಟಿ ಬಂದವು, ಕಟ್ ಮಾತ್ರ ಕುಶಲಕರ್ಮಿಯ ಕೆಲಸ. ಒರಟು ಕಲ್ಲಿನಿಂದ ಹೆಚ್ಚು ತೂಕ ಉಳಿಸಿಕೊಳ್ಳಬೇಕೆಂಬ ಆಸೆಗೆ ಕೋನಗಳು ಬಲಿಯಾಗುತ್ತವೆ, ಆ ಉಳಿಸಿದ ತೂಕಕ್ಕೆ ಕ್ಯಾರೆಟ್ ಲೆಕ್ಕದಲ್ಲಿ ಹಣ ಕೊಡುವವರು ನಾವು.

57 ಅಥವಾ 58 ಮುಖಗಳಿರುವ ದುಂಡು ಬ್ರಿಲಿಯಂಟ್ ಹರಳಿಗೆ, ವಜ್ರ ಪರೀಕ್ಷಿಸುವ ಅಮೆರಿಕದ ಸಂಸ್ಥೆಯಾದ ಜಿಐಎ ಪ್ರಯೋಗಾಲಯ, ಐದು ದರ್ಜೆ ಕೊಡುತ್ತದೆ: ಎಕ್ಸಲೆಂಟ್, ವೆರಿ ಗುಡ್, ಗುಡ್, ಫೇರ್, ಪೂರ್. ಮೊದಲ ಎರಡರಲ್ಲಿಯೇ ಉಳಿಯಿರಿ. ಹಣ ಸಾಲದಿದ್ದರೆ ತೂಕದಲ್ಲಿ, ಬಣ್ಣದಲ್ಲಿ, ಶುಭ್ರತೆಯಲ್ಲಿ ಇಳಿಯಿರಿ, ಕಟ್‌ನಲ್ಲಿ ಇಳಿಯಬೇಡಿ. ಇದು ನನ್ನ ದೃಢವಾದ ಅಭಿಪ್ರಾಯ. ಪ್ರಮಾಣಪತ್ರದಲ್ಲಿ ಅಂಕಿಗಳಿದ್ದರೆ ಹೀಗೆ ನೋಡಬಹುದು: ಮೇಲಿನ ಚಪ್ಪಟೆ ಮುಖವಾದ ಟೇಬಲ್ ಹರಳಿನ ಅಗಲದ ಶೇ 54ರಿಂದ 58ರೊಳಗೆ, ಒಟ್ಟು ಆಳ ಶೇ 60ರಿಂದ 62.5ರೊಳಗೆ, ಮೇಲ್ಭಾಗದ ಕೋನ 34ರಿಂದ 35 ಡಿಗ್ರಿ, ಕೆಳಭಾಗದ ಕೋನ 40.6ರಿಂದ 41 ಡಿಗ್ರಿ ಇದ್ದರೆ ಹರಳು ಬಹುತೇಕ ಚೆನ್ನಾಗಿಯೇ ಹೊಳೆಯುತ್ತದೆ. ಇದರಾಚೆಗೂ ಒಳ್ಳೆಯ ಹರಳುಗಳಿವೆ, ಆದರೆ ಅವನ್ನು ಆರಿಸಲು ಪಳಗಿದ ಕಣ್ಣು ಬೇಕು.

ಅಂಕಿಗಳಿಲ್ಲದೆಯೂ ಕೆಟ್ಟ ಕಟ್ಟನ್ನು ಹಿಡಿಯಬಹುದು. ನೆರಳಿನ ಬೆಳಕಿನಲ್ಲಿ ಹರಳನ್ನು ನೇರ ಮೇಲಿನಿಂದ ನೋಡಿದಾಗ ಟೇಬಲ್ಲಿನ ಒಳಗೆ ಬಿಳಿಚಿದ ಉಂಗುರವೊಂದು ಮೀನಿನ ಕಣ್ಣಿನಂತೆ ಕಂಡರೆ ತಳ ಆಳ ಸಾಲದು. ಬೆಳಕು ಕೆಳಗಿನಿಂದ ಸೋರಿಹೋಗುತ್ತಿದೆ. ನಟ್ಟನಡುವೆ ಕಪ್ಪು ಮಚ್ಚೆಯಂತೆ ಕತ್ತಲಾಗಿದ್ದರೆ ತಳ ಅತಿ ಆಳ. ತೂಕ ಕೆಳಗೆ ಅಡಗಿದೆ. ಹರಳನ್ನು ಮೆಲ್ಲಗೆ ತೂಗಾಡಿಸಿದಾಗ ಬೆಳಕು ಮತ್ತು ಕತ್ತಲೆಯ ತುಣುಕುಗಳು ಎಲ್ಲ ಕಡೆ ಸಮನಾಗಿ ಮಿನುಗಬೇಕು, ಒಂದು ಮಗ್ಗುಲು ಸತ್ತಂತಿರಬಾರದು. ಮೊಟ್ಟೆಯಾಕಾರ, ಹನಿಯಾಕಾರ, ಎರಡೂ ತುದಿ ಚೂಪಾದ ಮಾರ್ಕೀಸ್ ಹರಳುಗಳಲ್ಲಿ ನಡುವೆ ಅಡ್ಡಲಾಗಿ ಬೋ ಟೈ ಆಕಾರದ ಕಪ್ಪು ನೆರಳು ಬೀಳುತ್ತದೆ. ಅದು ತಿಳಿಯಾಗಿದ್ದರೆ ಚಿಂತೆಯಿಲ್ಲ, ತೂಗಾಡಿಸಿದರೂ ಸರಿಯದಷ್ಟು ಗಾಢವಾಗಿದ್ದರೆ ಬಿಟ್ಟುಬಿಡಿ. ಇಂತಹ ಆಕಾರಗಳಿಗೆ ಜಿಐಎ ಒಟ್ಟಾರೆ ಕಟ್ ದರ್ಜೆಯನ್ನು ಕೊಡುವುದಿಲ್ಲ, ಪಾಲಿಶ್ ಮತ್ತು ಸಮಮಿತಿಯ ದರ್ಜೆ ಮಾತ್ರ ಕೊಡುತ್ತದೆ; ಹಾಗಾಗಿ ಅಲ್ಲಿ ಕಣ್ಣೇ ಗತಿ.

ಕೊನೆಗೆ ಹರಳಿನ ನಡುಪಟ್ಟಿ, ಅಂದರೆ ಗರ್ಡಲ್. ಅದು ಚಾಕುವಿನ ಅಂಚಿನಷ್ಟು ತೆಳುವಿದ್ದರೆ ಕೂರಿಸುವಾಗ ಅಥವಾ ತೊಡುವಾಗ ಚಕ್ಕೆ ಏಳುತ್ತದೆ. ಅತಿ ದಪ್ಪವಾಗಿದ್ದರೆ ಕಣ್ಣಿಗೆ ಕಾಣದ ಕಡೆ ತೂಕ ತುಂಬಿದಂತೆ.

## ಹಂತ 4: ತೂಕ, ಮತ್ತು ಅದರ ಜೊತೆಗೆ ಅಗಲ

ವಜ್ರದ ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ಅದರ ನೂರನೆಯ ಒಂದು ಭಾಗವನ್ನು ಅಂಗಡಿಯಲ್ಲಿ ಸೆಂಟ್ ಎನ್ನುತ್ತಾರೆ. ಮೂವತ್ತು ಸೆಂಟ್ ಎಂದರೆ 0.30 ಕ್ಯಾರೆಟ್. ಬಂಗಾರದ 18 ಕ್ಯಾರೆಟ್, 22 ಕ್ಯಾರೆಟ್ ಎಂಬುದು ಶುದ್ಧತೆಯ ಅಳತೆ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಹಳೆಯ ತೂಕವಾದ ರತಿಯ ಲೆಕ್ಕದಲ್ಲಿ ಹೇಳಿದರೆ ಒಪ್ಪದೆ ಕ್ಯಾರೆಟ್ಟಿನಲ್ಲಿಯೇ ತೂಗಿಸಿ ಬರೆಸಿಕೊಳ್ಳಿ.

ತೂಕದ ಜೊತೆಗೆ ಅಗಲವನ್ನೂ ಅಳೆಸಬೇಕು. ಸರಿಯಾಗಿ ಕಟ್ ಆದ ದುಂಡು ಹರಳು 0.10 ಕ್ಯಾರೆಟ್ಟಿಗೆ ಸುಮಾರು 3 ಮಿಲಿಮೀಟರ್, 0.30ಕ್ಕೆ 4.3, 0.50ಕ್ಕೆ 5.1, ಒಂದು ಕ್ಯಾರೆಟ್ಟಿಗೆ 6.4ರಿಂದ 6.5 ಮಿಲಿಮೀಟರ್ ಅಗಲವಿರುತ್ತದೆ. ಒಂದು ಕ್ಯಾರೆಟ್ ಎಂದು ತೂಗುವ ಹರಳು 6.1 ಮಿಲಿಮೀಟರ್ ಇದ್ದರೆ, ಬೆರಳಿನ ಮೇಲೆ ಅದು ಎಂಬತ್ತೈದು ಸೆಂಟಿನ ಹರಳಿನಷ್ಟೇ ಕಾಣುತ್ತದೆ, ಹಣ ಮಾತ್ರ ನೂರು ಸೆಂಟಿನದ್ದು. ತೂಕ ದುಪ್ಪಟ್ಟಾದರೆ ಅಗಲ ಸುಮಾರು ಕಾಲು ಭಾಗ ಮಾತ್ರ ಹೆಚ್ಚುತ್ತದೆ ಎಂಬುದೂ ನೆನಪಿರಲಿ.

ಬೆಲೆಯು ಅರ್ಧ ಕ್ಯಾರೆಟ್, ಮುಕ್ಕಾಲಿನ ಆಸುಪಾಸು, ಒಂದು, ಒಂದೂವರೆ ಎಂಬ ಹೊಸ್ತಿಲುಗಳಲ್ಲಿ ಜಿಗಿಯುತ್ತದೆ. ಹೊಸ್ತಿಲಿನ ಸ್ವಲ್ಪ ಕೆಳಗಿನ ಹರಳು, ಉದಾಹರಣೆಗೆ 0.46 ಅಥವಾ 0.92, ಸಿಕ್ಕರೆ ಕಣ್ಣಿಗೆ ವ್ಯತ್ಯಾಸ ತಿಳಿಯದೆ ಹಣ ಉಳಿಯುತ್ತದೆ. ಅಂತಹವು ಎಲ್ಲ ಅಂಗಡಿಯಲ್ಲಿ ಸಿದ್ಧವಿರುವುದಿಲ್ಲ. ಸಣ್ಣ ಊರಿನ ಅಂಗಡಿಯವರು ಬಿಡಿ ಹರಳುಗಳನ್ನು ಮುಂಬೈ, ಸೂರತ್‌ನಿಂದ ತರಿಸಿಕೊಡಬಲ್ಲರು. ಎರಡು ಮೂರು ಹರಳು ತರಿಸಲು ಹೇಳಿ, ನೋಡಿ ಒಪ್ಪಿದ ಮೇಲೆಯೇ ಹಣ ಎಂದು ಮೊದಲೇ ಮಾತಾಡಿಕೊಳ್ಳಿ. ಸೊಲ್ಲಾಪುರ ಅಥವಾ ಕೊಲ್ಹಾಪುರಕ್ಕೆ ಹೋಗುವವರು, ಮುಂದೆ ಹರಳನ್ನು ಹಿಡಿದಿರುವ ಲೋಹದ ಹಲ್ಲು ಸಡಿಲಾದಾಗಲೂ ಅಲ್ಲಿಯೇ ಹೋಗಬೇಕೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

## ಹಂತ 5: ಬಣ್ಣ

ಬಣ್ಣದ ದರ್ಜೆ ಡಿ ಅಕ್ಷರದಿಂದ ಆರಂಭವಾಗಿ ಜೆಡ್‌ವರೆಗೆ ಇಳಿಯುತ್ತದೆ. ಡಿ, ಇ, ಎಫ್ ವರ್ಣರಹಿತ; ಜಿಯಿಂದ ಜೆವರೆಗೆ ಬಹುತೇಕ ವರ್ಣರಹಿತ; ಅಲ್ಲಿಂದ ಕೆಳಗೆ ಹಳದಿಯ ಛಾಯೆ ಕಾಣತೊಡಗುತ್ತದೆ. ಹರಳನ್ನು ಟೇಬಲ್ ಕೆಳಗೆ ಮಾಡಿ, ಮಡಚಿದ ಬಿಳಿ ಕಾಗದದ ಮಡಿಕೆಯಲ್ಲಿಟ್ಟು, ಮಗ್ಗುಲಿನಿಂದ ನೋಡಬೇಕು; ಮೇಲಿನಿಂದ ನೋಡಿದರೆ ಹೊಳಪು ಬಣ್ಣವನ್ನು ಮರೆಮಾಡುತ್ತದೆ. ಒಂದೇ ಹರಳನ್ನು ನೋಡಿ ಬಣ್ಣ ಹೇಳಲು ಸಾಧ್ಯವಿಲ್ಲ. ದರ್ಜೆ ತಿಳಿದ ಇನ್ನೊಂದನ್ನು ಪಕ್ಕದಲ್ಲಿಡಲು ಕೇಳಿ.

ಹಳದಿ ಬಂಗಾರದಲ್ಲಿ ಕೂರಿಸುವುದಾದರೆ ಐ ಅಥವಾ ಜೆ ಧಾರಾಳವಾಗಿ ಸಾಕು, ಏಕೆಂದರೆ ಬಂಗಾರದ ಬಣ್ಣವೇ ಹರಳಿನೊಳಗೆ ಪ್ರತಿಫಲಿಸುತ್ತದೆ. ಬಿಳಿ ಬಂಗಾರ ಅಥವಾ ಪ್ಲಾಟಿನಮ್ಮಿಗೆ ಜಿ, ಎಚ್ ಒಳ್ಳೆಯದು. ಹಿಂಭಾಗ ಪೂರ್ತಿ ಮುಚ್ಚಿದ ಹಳೆಯ ಮಾದರಿಯ ಓಲೆಗಳಲ್ಲಿ ಹರಳಿನ ಕೆಳಗೆ ತಗಡು ಕೊಟ್ಟಿರಬಹುದಾದ್ದರಿಂದ ಬಣ್ಣವನ್ನು ನಿರ್ಣಯಿಸಲು ಆಗುವುದೇ ಇಲ್ಲ. ಕೂರಿಸುವ ಮೊದಲೇ ಬಿಡಿ ಹರಳನ್ನು ನೋಡಬೇಕು, ಅಥವಾ ಹಿಂಭಾಗ ತೆರೆದಿರುವ ಮಾದರಿಯನ್ನು ಆರಿಸಬೇಕು.

ಕೆಲವು ವಜ್ರಗಳು ಅತಿನೇರಳೆ ಬೆಳಕಿನಲ್ಲಿ, ಸಾಮಾನ್ಯವಾಗಿ ನೀಲಿಯಾಗಿ, ಬೆಳಗುತ್ತವೆ. ಪ್ರಮಾಣಪತ್ರದಲ್ಲಿ ಇದನ್ನು ಫ್ಲೋರೆಸೆನ್ಸ್ ಎಂದು ಬರೆದಿರುತ್ತಾರೆ. ಅದು ಸೌಮ್ಯವಾಗಿದ್ದರೆ ದೋಷವಲ್ಲ. ತೀವ್ರ ಎಂದಿದ್ದರೆ ಹಗಲು ಬೆಳಕಿನಲ್ಲಿ ಹರಳು ಹಾಲು ಬೆರೆತಂತೆ ಮಸುಕಾಗುವುದೋ ಎಂದು ನೋಡಿ. ಹಾಗಾಗದಿದ್ದರೆ, ಮತ್ತು ಬೆಲೆ ಕಡಿಮೆಯಿದ್ದರೆ, ಕೊಳ್ಳಬಹುದು.

## ಹಂತ 6: ಶುಭ್ರತೆ

ಪೂರ್ತಿ ದೋಷರಹಿತವಾದ ಎಫ್‌ಎಲ್‌ನಿಂದ ಆರಂಭಿಸಿ, ದೋಷ ಹೆಚ್ಚಿದಂತೆ ಕ್ರಮವಾಗಿ ಐಎಫ್, ವಿವಿಎಸ್1, ವಿವಿಎಸ್2, ವಿಎಸ್1, ವಿಎಸ್2, ಎಸ್‌ಐ1, ಎಸ್‌ಐ2, ಐ1, ಐ2, ಐ3 ಎಂಬ ದರ್ಜೆಗಳಿವೆ. ವಿವಿಎಸ್ ಹರಳಿನ ದೋಷವನ್ನು ಪಳಗಿದ ಪರೀಕ್ಷಕನೂ ಲೂಪಿನಲ್ಲಿ ಹುಡುಕಬೇಕಾಗುತ್ತದೆ. ಆದರೂ ನಮ್ಮ ಕಡೆ 'ವಿವಿಎಸ್ ಮಾಲು' ಎಂಬ ಮಾತಿಗೆ ಮರುಳಾಗಿ, ಕಟ್ ಕೇಳದೆ ಹಣ ಕೊಡುವವರೇ ಹೆಚ್ಚು.

ಬರಿಗಣ್ಣಿಗೆ ಶುಭ್ರವಾಗಿ ಕಾಣುವುದೇ ಧರಿಸುವವರ ಅಗತ್ಯ. ಮೂವತ್ತು ಸೆಂಟಿನೊಳಗಿನ ಹರಳಿಗೆ ಎಸ್‌ಐ1, ಒಂದು ಕ್ಯಾರೆಟ್ ಆಸುಪಾಸಿಗೆ ವಿಎಸ್2 ಸಾಮಾನ್ಯವಾಗಿ ಸಾಕು. ಮೆಟ್ಟಿಲಿನಂತೆ ಉದ್ದ ಮುಖಗಳಿರುವ ಎಮರಾಲ್ಡ್ ಕಟ್ ಹರಳು ಮಾತ್ರ ಒಳಗಿನದ್ದನ್ನು ಕಿಟಕಿಯಂತೆ ತೋರಿಸುವುದರಿಂದ ಒಂದು ದರ್ಜೆ ಮೇಲೆ ಹೋಗಬೇಕು.

ದರ್ಜೆಯಷ್ಟೇ ದೋಷದ ಸ್ವರೂಪ ಮತ್ತು ಸ್ಥಾನವೂ ಮುಖ್ಯ. ಅಂಚಿನಲ್ಲಿರುವ ಬಿಳಿ ಚುಕ್ಕೆ ಹಿಡಿತದ ಹಲ್ಲಿನ ಕೆಳಗೆ ಮರೆಯಾಗುತ್ತದೆ. ಅದೇ ದರ್ಜೆಯ ಇನ್ನೊಂದು ಹರಳಿನಲ್ಲಿ ಟೇಬಲ್ಲಿನ ನಡುವೆ ಕಪ್ಪು ಚುಕ್ಕೆಯಿದ್ದರೆ ಅದು ತಳದ ಮುಖಗಳಲ್ಲಿ ಪ್ರತಿಫಲಿಸಿ ಹಲವಾಗಿ ಕಾಣಬಹುದು. ರತ್ನಶಾಸ್ತ್ರದಲ್ಲಿ ಬಿಂದು, ರೇಖೆ, ಕಾಕಪದ (ಕಾಗೆಯ ಕಾಲಿನಂತಹ ಗುರುತು) ಎಂದು ಹೆಸರಿಸಿದ ದೋಷಗಳ ಬಗ್ಗೆ ಮನೆಯ ಹಿರಿಯರಿಗೆ ಆತಂಕವಿರುತ್ತದೆ. ಅಂತಹ ಮನೆಗೆ ಕೊಂಡೊಯ್ಯುವ ಹರಳಿನಲ್ಲಿ ಕಪ್ಪು ಚುಕ್ಕೆ ಇಲ್ಲದಂತೆ ನೋಡಿಕೊಳ್ಳುವುದು ಜಾಣತನ, ಇಲ್ಲದಿದ್ದರೆ ಮರಳಿಸುವ ಪ್ರಸಂಗ ಬರುತ್ತದೆ. ಭದ್ರತೆಯ ದೃಷ್ಟಿಯಿಂದ ಹೆಚ್ಚು ಅಪಾಯಕಾರಿಯಾದದ್ದು ಮೇಲ್ಮೈಯನ್ನು ಮುಟ್ಟುವ, ಅಂಚಿನವರೆಗೆ ಹಾಯುವ ಸೀಳು.

ಇಂತಹ ಸೀಳುಗಳಿಗೆ ಗಾಜಿನಂತಹ ದ್ರವ್ಯ ತುಂಬಿ ಮುಚ್ಚುವ ಪದ್ಧತಿಯಿದೆ. ಲೂಪಿನಲ್ಲಿ ಹರಳನ್ನು ತಿರುಗಿಸುವಾಗ ಸೀಳಿನ ಜಾಗದಲ್ಲಿ ಒಮ್ಮೆಲೇ ಕಿತ್ತಳೆ ಅಥವಾ ನೀಲಿ, ನೇರಳೆ ಮಿಂಚು ಹಾದುಹೋದರೆ ಅನುಮಾನಪಡಿ. ಮುಂದೆ ಉಂಗುರದ ಅಳತೆ ಬದಲಿಸಲು ಪತ್ತಾರರು ಬೆಂಕಿಯ ಜ್ವಾಲೆ ಹಿಡಿದಾಗ ಆ ದ್ರವ್ಯ ಕರಗಿ, ಸೀಳು ಬಯಲಾಗುತ್ತದೆ; ಆಗ ದೂರು ಬರುವುದು ಬಡಪಾಯಿ ಪತ್ತಾರರ ಮೇಲೆ. ಜಿಐಎ ಇಂತಹ ತುಂಬಿಸಿದ ಹರಳುಗಳಿಗೆ ದರ್ಜೆಯ ವರದಿಯನ್ನೇ ಕೊಡುವುದಿಲ್ಲ.

## ಹಂತ 7: ಪ್ರಮಾಣಪತ್ರವನ್ನು ಹರಳಿನೊಂದಿಗೆ ಹೊಂದಿಸುವುದು

ಪ್ರಮಾಣಪತ್ರ ಇದೆ ಎಂಬುದು ಸಾಲದು, ಅದು ಈ ಹರಳಿನದೇ ಎಂಬುದು ಸಿದ್ಧವಾಗಬೇಕು. ಭಾರತದ ಪೇಟೆಯಲ್ಲಿ ಹೆಚ್ಚಾಗಿ ಕಾಣುವುದು ಜಿಐಎ ಮತ್ತು ಅಂಥದೇ ಇನ್ನೊಂದು ಪ್ರಯೋಗಾಲಯವಾದ ಐಜಿಐ ಪತ್ರಗಳು. ಅಂಗಡಿಯವರೇ ಅಚ್ಚು ಹಾಕಿಸಿದ ಗ್ಯಾರಂಟಿ ಕಾರ್ಡು ಪ್ರಮಾಣಪತ್ರವಲ್ಲ. ಅಂಗಡಿ ಮತ್ತು ಪರೀಕ್ಷಕ ಒಬ್ಬರೇ ಆದಾಗ ದರ್ಜೆಗೆ ಬೆಲೆಯಿಲ್ಲ.

ಕೆಲಸ ಹೀಗೆ ಸಾಗಬೇಕು. ಪತ್ರದ ಸಂಖ್ಯೆಯನ್ನು ಆಯಾ ಪ್ರಯೋಗಾಲಯದ ಜಾಲತಾಣದಲ್ಲಿ, ನಿಮ್ಮ ಮೊಬೈಲಿನಲ್ಲಿ, ವಿಳಾಸವನ್ನು ನೀವೇ ಟೈಪ್ ಮಾಡಿ ತೆರೆಯಿರಿ. ಪತ್ರದ ಮೇಲಿನ ಕ್ಯೂಆರ್ ಚಿಹ್ನೆಯನ್ನೇ ನಂಬಿದರೆ ಅದು ನಕಲಿ ಪುಟಕ್ಕೂ ಕರೆದೊಯ್ಯಬಹುದು. ಪರದೆಯ ಮೇಲಿನ ವಿವರ ಕಾಗದದ್ದಕ್ಕೆ ಹೊಂದಿದ ಮೇಲೆ, ಹರಳಿನ ನಡುಪಟ್ಟಿಯಲ್ಲಿ ಲೇಸರಿನಿಂದ ಕೊರೆದ ಸಂಖ್ಯೆಯಿದ್ದರೆ ಲೂಪಿನಲ್ಲಿ ಓದಿ. ಅಲ್ಲಿಗೂ ನಿಲ್ಲಬಾರದು: ನೈಸರ್ಗಿಕ ವಜ್ರದ ಸಂಖ್ಯೆಯನ್ನು ಪ್ರಯೋಗಾಲಯದ ಹರಳಿನ ಮೇಲೆ ಕೊರೆದ ಪ್ರಕರಣಗಳನ್ನು ಪ್ರಯೋಗಾಲಯಗಳೇ ಹಿಡಿದಿವೆ. ಹರಳನ್ನು ತೂಗಿಸಿ, ಎರಡು ದಶಾಂಶದವರೆಗೆ ಅಗಲ ಮತ್ತು ಎತ್ತರ ಅಳೆಸಿ, ಪತ್ರದಲ್ಲಿ ದೋಷಗಳ ನಕಾಶೆಯಿದ್ದರೆ ಒಂದು ದೋಷವನ್ನಾದರೂ ಅದೇ ಜಾಗದಲ್ಲಿ ಕಂಡುಕೊಳ್ಳಿ. ಆ ದೋಷವೇ ನಿಮ್ಮ ಹರಳಿನ ಗುರುತು, ಮುಂದೆಯೂ ಉಪಯೋಗಕ್ಕೆ ಬರುತ್ತದೆ.

ಪತ್ರದಲ್ಲಿ 'ಲ್ಯಾಬೋರೇಟರಿ ಗ್ರೋನ್' ಎಂಬ ಮಾತು ಎಲ್ಲಿಯಾದರೂ ಇದೆಯೇ ಎಂದು ಪೂರ್ತಿ ಓದಬೇಕು. ಜಿಐಎ 2025ರಿಂದ ಪ್ರಯೋಗಾಲಯದ ವಜ್ರಗಳಿಗೆ ಮೇಲಿನ ಬಣ್ಣ, ಶುಭ್ರತೆಯ ದರ್ಜೆಗಳನ್ನು ಬಿಟ್ಟು 'ಪ್ರೀಮಿಯಂ', 'ಸ್ಟ್ಯಾಂಡರ್ಡ್' ಎಂಬ ಎರಡೇ ಮಾತು ಬಳಸುತ್ತಿದೆ.

ಹಲವು ಸಣ್ಣ ಹರಳುಗಳ ಒಡವೆಗೆ ಕೊಡುವ ಪತ್ರ ಇಡೀ ಒಡವೆಯದು. ಅದರಲ್ಲಿರುವ ದರ್ಜೆ ಹರಳುಗಳ ಒಟ್ಟು ಗುಂಪಿಗೆ ಸಂಬಂಧಿಸಿದ್ದು, ಪ್ರತಿ ಹರಳಿನದ್ದಲ್ಲ. ಒಡವೆಯನ್ನು ಪ್ಲಾಸ್ಟಿಕ್ ಕಾರ್ಡಿನಲ್ಲಿ ಮುದ್ರೆ ಹಾಕಿ ಇಟ್ಟಿದ್ದರೆ, ಹೊರಗೆ ತೆಗೆಸಿ ನೋಡದೆ ಒಪ್ಪಬೇಡಿ.

## ಹಂತ 8: ಬಿಲ್ಲು

ಕಚ್ಚಾ ಚೀಟಿಯಲ್ಲಿ ತೆರಿಗೆ ಉಳಿಸುವ ಆಮಿಷಕ್ಕೆ ಒಳಗಾದವರಿಗೆ ಮುಂದೆ ಯಾವ ಹಕ್ಕೂ ಉಳಿಯುವುದಿಲ್ಲ. ಒಡವೆಯ ಮೇಲಿನ ಜಿಎಸ್‌ಟಿ ಶೇ 3. ಪಕ್ಕಾ ಬಿಲ್ಲಿನಿಂದ ಸಿಗುವ ಹಕ್ಕಿಗೆ ಹೋಲಿಸಿದರೆ ಅದು ಹೆಚ್ಚಿನ ಬೆಲೆಯೇನಲ್ಲ. ಎರಡು ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚನ್ನು ನಗದಾಗಿ ಸ್ವೀಕರಿಸುವುದಕ್ಕೆ ಕಾನೂನಿನ ಅಡ್ಡಿಯಿರುವುದರಿಂದ ಬ್ಯಾಂಕಿನ ಮೂಲಕವೇ ಹಣ ಕೊಡಿ.

ಬಿಲ್ಲಿನಲ್ಲಿ ಒಡವೆಯ ಒಟ್ಟು ತೂಕ, ಬಂಗಾರದ ನಿವ್ವಳ ತೂಕ, ಬಂಗಾರದ ಶುದ್ಧತೆ, ಹರಳುಗಳ ಸಂಖ್ಯೆ, ಪ್ರತ್ಯೇಕವಾಗಿ ಕ್ಯಾರೆಟ್ ತೂಕ, ನೈಸರ್ಗಿಕ ಅಥವಾ ಪ್ರಯೋಗಾಲಯದ್ದೆಂಬ ಉಲ್ಲೇಖ, ಬಣ್ಣ, ಶುಭ್ರತೆ, ಪ್ರಮಾಣಪತ್ರದ ಸಂಖ್ಯೆ, ಮಜೂರಿ ಇವೆಲ್ಲ ಬೇರೆ ಬೇರೆಯಾಗಿ ಇರಬೇಕು. ಇದರಲ್ಲಿ ಹೆಚ್ಚು ಜನ ಎಡವುವುದು ನಿವ್ವಳ ತೂಕದಲ್ಲಿ. ಉಂಗುರದ ಒಟ್ಟು ತೂಕ 4.600 ಗ್ರಾಂ, ವಜ್ರ 0.50 ಕ್ಯಾರೆಟ್ ಇದ್ದರೆ, ವಜ್ರದ ತೂಕ 0.100 ಗ್ರಾಂ, ಬಂಗಾರದ ದರ ಹಾಕಬೇಕಾದದ್ದು 4.500 ಗ್ರಾಮಿಗೆ. ಉಂಗುರದಲ್ಲಿ ಈ ವ್ಯತ್ಯಾಸ ಚಿಕ್ಕದು. ಐದು ಕ್ಯಾರೆಟ್ ಹರಳುಗಳ ನೆಕ್ಲೆಸ್ಸಿನಲ್ಲಿ ಅದು ಒಂದು ಪೂರ್ತಿ ಗ್ರಾಂ ಬಂಗಾರ. ಅದಕ್ಕೆ ಬಂಗಾರದ ದರವನ್ನೂ ಕೊಟ್ಟು ವಜ್ರದ ದರವನ್ನೂ ಕೊಟ್ಟರೆ ಒಂದೇ ತೂಕಕ್ಕೆ ಎರಡು ಸಲ ಹಣ ಕೊಟ್ಟಂತೆ.

ಹಾಲ್‌ಮಾರ್ಕ್ ನೋಡಿ ವಜ್ರವೂ ಸರಿಯಿದೆ ಎಂದು ತಿಳಿಯುವುದು ಇನ್ನೊಂದು ಸಾಮಾನ್ಯ ತಪ್ಪು. ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಗುರುತು ಮತ್ತು ಒಡವೆಯ ಗುರುತಿನ ಸಂಖ್ಯೆಯಾದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಬಂಗಾರದ ಶುದ್ಧತೆಯನ್ನಷ್ಟೇ ಹೇಳುತ್ತವೆ. ಅದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಪರೀಕ್ಷಿಸಬಹುದು. ವಜ್ರದ ಒಡವೆ ಬಹುತೇಕ 18 ಅಥವಾ 14 ಕ್ಯಾರೆಟ್ ಬಂಗಾರದಲ್ಲಿ ಇರುತ್ತದೆ, ಅದಕ್ಕೆ 22 ಕ್ಯಾರೆಟ್ಟಿನ ದರ ಹಾಕಿಲ್ಲವೆಂದು ನೋಡಿಕೊಳ್ಳಿ.

ಮರಳಿ ಕೊಳ್ಳುವ ಷರತ್ತನ್ನು ಬಾಯಿಮಾತಿನಲ್ಲಿ ಬಿಡಬೇಡಿ. ನಗದು ಕೊಡುತ್ತಾರೋ ಬದಲಿ ಒಡವೆಯೋ, ಕಡಿತ ಕೊಂಡ ಬೆಲೆಯ ಮೇಲೋ ಅಂದಿನ ಬೆಲೆಯ ಮೇಲೋ, ಸಣ್ಣ ಹರಳುಗಳಿಗೂ ಅನ್ವಯಿಸುತ್ತದೆಯೋ ಎಂಬುದನ್ನು ಬಿಲ್ಲಿನ ಹಿಂದೆಯಾದರೂ ಬರೆಸಿ ಸಹಿ ಮಾಡಿಸಿಕೊಳ್ಳಿ. ಮಜೂರಿ ಮತ್ತು ತೆರಿಗೆಯ ಹಣ ಹೋದದ್ದೇ. 'ಮಜೂರಿ ಪೂರ್ತಿ ಮಾಫಿ' ಎಂಬ ಜಾಹೀರಾತು ಕಂಡಾಗ ಮಾಫಿಯಾದ ಹಣ ಹರಳಿನ ದರದಲ್ಲಿ ಸೇರಿದೆಯೇ ಎಂದು, ಅದೇ ದರ್ಜೆಯ ಹರಳಿನ ದರವನ್ನು ಇನ್ನೊಂದು ಅಂಗಡಿಯಲ್ಲಿ ಕೇಳಿ ತಾಳೆ ನೋಡಿ.

## ಹಂತ 9: ಕೂರಿಸಿದ ಮೇಲೆ

ಬಿಡಿ ಹರಳು ಕೊಂಡು ಬೇರೆ ಪತ್ತಾರರ ಬಳಿ ಕೂರಿಸುವುದಾದರೆ, ಕೊಡುವ ಮೊದಲು ಅವರ ಎದುರಿನಲ್ಲಿಯೇ ತೂಗಿ, ಲೂಪಿನ ಮೂಲಕ ಮೊಬೈಲಿನಲ್ಲಿ ಚಿತ್ರ ತೆಗೆದು, ನೀವು ಗುರುತಿಸಿಕೊಂಡ ದೋಷವನ್ನು ಅವರಿಗೂ ತೋರಿಸಿ. ಇದರಲ್ಲಿ ಅವಮಾನದ ಮಾತೇನೂ ಇಲ್ಲ. ಒಳ್ಳೆಯ ಪತ್ತಾರರು ತಮ್ಮ ರಕ್ಷಣೆಗೂ ಇದನ್ನೇ ಬಯಸುತ್ತಾರೆ. ಮರಳಿ ಪಡೆದಾಗ ಅದೇ ದೋಷವನ್ನು ಅದೇ ಜಾಗದಲ್ಲಿ ಹುಡುಕಿ. ಹಿಡಿತದ ಹಲ್ಲುಗಳು ಹರಳಿಗೆ ಒತ್ತಿಕೊಂಡಿವೆಯೇ ಎಂದು ತಿಳಿಯಲು ಉಂಗುರವನ್ನು ಕಿವಿಯ ಬಳಿ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಬೇಕು. ಸಣ್ಣ ಸದ್ದು ಬಂದರೆ ಹರಳು ಸಡಿಲವಾಗಿದೆ.

ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ. ಕೊಬ್ಬರಿ ಎಣ್ಣೆ, ಅರಿಶಿನ, ರೊಟ್ಟಿಯ ಹಿಟ್ಟು ತಳಭಾಗದಲ್ಲಿ ಕೂತರೆ ಎಕ್ಸಲೆಂಟ್ ಕಟ್ಟಿನ ಹರಳೂ ಮಂಕಾಗುತ್ತದೆ, ಹರಳೇ ಕೆಟ್ಟಿತೆಂದು ಅಂಗಡಿಗೆ ಓಡುವ ಮೊದಲು ಉಗುರು ಬೆಚ್ಚಗಿನ ನೀರಿಗೆ ಸ್ವಲ್ಪ ಸೌಮ್ಯ ಸೋಪು ಬೆರೆಸಿ, ಮೆತ್ತನೆಯ ಬ್ರಷ್ಷಿನಿಂದ ಹಿಂಭಾಗವನ್ನು ತೊಳೆದು ನೋಡಿ. ವರ್ಷಕ್ಕೊಮ್ಮೆ ಹಲ್ಲುಗಳನ್ನು ಪರೀಕ್ಷೆ ಮಾಡಿಸಿ.

ದುಬಾರಿಯ ಒಂಟಿ ಹರಳಾಗಿದ್ದರೆ, ಕೊಂಡ ಮೊದಲ ವಾರಗಳಲ್ಲಿಯೇ ಅಂಗಡಿಗೆ ಸಂಬಂಧವಿಲ್ಲದ ಪ್ರಯೋಗಾಲಯವೊಂದಕ್ಕೆ ಕಳಿಸಿ ಪರೀಕ್ಷಿಸುವುದು ಉತ್ತಮ. ದರ್ಜೆಯಲ್ಲಿ ಒಂದು ಮೆಟ್ಟಿಲಿನ ವ್ಯತ್ಯಾಸ ಬರುವುದು ಸಹಜ, ಏಕೆಂದರೆ ಅದು ಮನುಷ್ಯರ ಕಣ್ಣಿನ ತೀರ್ಮಾನ. ಎರಡು ಮೂರು ಮೆಟ್ಟಿಲು ಇಳಿದರೆ, ಅಥವಾ ಹರಳಿನ ಜಾತಿಯೇ ಬೇರೆ ಎಂದು ವರದಿ ಬಂದರೆ, ವರದಿ ಮತ್ತು ಬಿಲ್ಲಿನೊಂದಿಗೆ ಮೊದಲು ಅಂಗಡಿಗೆ ಬರಹದಲ್ಲಿ ತಿಳಿಸಿ. ಅಲ್ಲಿ ಪರಿಹಾರ ಸಿಗದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಕೊಟ್ಟ ಹಣ ಐದು ಲಕ್ಷ ರೂಪಾಯಿಯವರೆಗೆ ಇದ್ದರೆ ಅದಕ್ಕೆ ಶುಲ್ಕವಿಲ್ಲ.